ಆಫ್ರಿಕದ ಬೇಟೆಗೆ ಔಟ್‌ಫಿಟರ್: ಮುಂಗಡ ಕಟ್ಟುವ ಮುನ್ನ ಏನೇನು ಕೇಳಬೇಕು?

ಸುರುಳಿ ಕೋಡಿನ ಕುಡು, ಈಟಿ ಕೋಡಿನ ಜೆಮ್ಸ್‌ಬಾಕ್, ಇಂಪಾಲ, ವಿಲ್ಡಬೀಸ್ಟ್, ಜೀಬ್ರಾ, ವಾರ್ಟ್‌ಹಾಗ್. ಆನೆ, ಸಿಂಹ, ಕಾಡುಕೋಣದಂಥ ಅಪಾಯದ ಪ್ರಾಣಿಗಳನ್ನು ಬಿಟ್ಟು ಉಳಿದವುಗಳ ಬೇಟೆಗೆ ಆಫ್ರಿಕದ ದಕ್ಷಿಣ ಭಾಗದಲ್ಲಿ ‘ಪ್ಲೇನ್ಸ್ ಗೇಮ್’ ಎನ್ನುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು. ಅಲ್ಲಿ ಅದು ಕಾನೂನಿನ ಒಳಗೇ ನಡೆಯುವ ದೊಡ್ಡ ವ್ಯವಹಾರ. ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಲೈಸೆನ್ಸ್ ಪಡೆದು ಬೇಟೆಯಾಡುವ ಕನ್ನಡಿಗರು ಆಫ್ರಿಕಕ್ಕೆ ಹೊರಟರೆ ಮೊದಲು ಎದುರಾಗುವ ಪ್ರಶ್ನೆ ಔಟ್‌ಫಿಟರ್ ಯಾರು ಎಂಬುದು. ಜಮೀನು, ಪರ್ಮಿಟ್, ಊಟ, ವಸತಿ, ಗಾಡಿ, ಜೊತೆಗೆ ಬರುವ ಪ್ರೊಫೆಷನಲ್ ಹಂಟರ್ (ಎಲ್ಲರೂ ಪಿಎಚ್ ಎಂದೇ ಕರೆಯುತ್ತಾರೆ), ಕೊನೆಗೆ ಚರ್ಮಕ್ಕೆ ಉಪ್ಪು ಸವರುವ ಕೆಲಸದವರೆಗೆ ಎಲ್ಲ ಅವನದೇ ಹೊಣೆ. ವೆಬ್‌ಸೈಟ್‌ಗಳಲ್ಲಿ ಎಲ್ಲರ ಬಳಿಯೂ ಅದೇ ದೊಡ್ಡ ಕುಡುವಿನ ಫೋಟೊ ಇರುತ್ತದೆ. ಒಬ್ಬನಿಗೂ ಇನ್ನೊಬ್ಬನಿಗೂ ಇರುವ ವ್ಯತ್ಯಾಸ ತಿಳಿಯುವುದು ಕೆಲಸ ಕೆಟ್ಟಾಗ ಏನು ಮಾಡುತ್ತಾನೆ ಎಂಬುದರಲ್ಲಿ. ಹಾಗಾಗಿ ಪ್ರಶ್ನೆಗಳೂ ಅತ್ತ ಕಡೆಯೇ ಇರಲಿ.

ಮೊದಲು ನೆಲ, ಆಮೇಲೆ ಮನುಷ್ಯ

ಮೊದಲ ಸಲ ಹೋಗುವವರು ದಕ್ಷಿಣ ಆಫ್ರಿಕ ಅಥವಾ ನಮೀಬಿಯ ಆರಿಸಿಕೊಳ್ಳುವುದು ಒಳ್ಳೆಯದು. ಬೋಟ್ಸ್ವಾನ 2014ರಲ್ಲಿ ಬೇಟೆ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು. ಜಿಂಬಾಬ್ವೆಗೆ ಹೆಚ್ಚಿನವರು ಹೋಗುವುದು ಕಾಡುಕೋಣಕ್ಕೆ, ಜೊತೆಗೆ ಒಂದೆರಡು ಇಂಪಾಲ.

ದಕ್ಷಿಣ ಆಫ್ರಿಕದಲ್ಲಿ 1991ರ ಗೇಮ್ ಥೆಫ್ಟ್ ಕಾಯ್ದೆಯ ಪ್ರಕಾರ, ಸರಿಯಾಗಿ ಬೇಲಿ ಹಾಕಿದ ಜಮೀನಿನಲ್ಲಿರುವ ಕಾಡುಪ್ರಾಣಿ ತಪ್ಪಿಸಿಕೊಂಡು ಹೊರಗೆ ಹೋದರೂ ಒಡೆಯನ ಹಕ್ಕು ಹೋಗುವುದಿಲ್ಲ. ಅಲ್ಲಿನ ಬೇಟೆಯ ಬಹುಪಾಲು ಖಾಸಗಿ ಜಮೀನಿನಲ್ಲಿ, ಬೇಲಿಯೊಳಗೆ ನಡೆಯುವುದಕ್ಕೆ ಇದೇ ಕಾರಣ. ನಮೀಬಿಯದಲ್ಲಿ ಖಾಸಗಿ ಜಮೀನುಗಳ ಜೊತೆಗೆ 1996ರ ಕಾನೂನಿನಡಿ ಹುಟ್ಟಿದ ಸಮುದಾಯ ಕನ್ಸರ್ವೆನ್ಸಿಗಳೂ (ಊರಿನವರೇ ವನ್ಯಜೀವಿ ನೋಡಿಕೊಳ್ಳುವ ಪ್ರದೇಶಗಳು) ಇವೆ. ಅಲ್ಲಿ ಬೇಟೆಯ ಹಣ, ಮಾಂಸ ಊರಿನವರಿಗೆ ಸೇರುತ್ತದೆ.

ಬೇಲಿಯ ಬಗ್ಗೆ ನೇರವಾಗಿಯೇ ಕೇಳಿ. ಎತ್ತರ ಎಷ್ಟು? ಸುಮಾರು 2.4 ಮೀಟರ್ ಇದ್ದರೆ ಅದು ಗೇಮ್ ಬೇಲಿ, ಪ್ರಾಣಿ ಒಳಗೇ ಉಳಿಯುತ್ತದೆ. ಸುಮಾರು 1.2 ಮೀಟರ್ ಇದ್ದರೆ ದನದ ಬೇಲಿ. ಅದನ್ನು ಕುಡು ಲೀಲಾಜಾಲವಾಗಿ ಹಾರುತ್ತದೆ, ಜೆಮ್ಸ್‌ಬಾಕ್ ತಂತಿಯಡಿ ನುಸುಳುತ್ತದೆ. ಎತ್ತರದ ಬೇಲಿ ಎಂದರೆ ಮೋಸ ಎಂದಲ್ಲ. ಹತ್ತು ಸಾವಿರ ಹೆಕ್ಟೇರಿನ ಜಮೀನಿನಲ್ಲಿ ವಾರವಿಡೀ ನಡೆದರೂ ಬೇಲಿ ಕಣ್ಣಿಗೆ ಬೀಳದೆ ಹೋಗಬಹುದು. ಮುನ್ನೂರು ಹೆಕ್ಟೇರ್ ಎಂದರೆ ಮಾತ್ರ ಅನುಮಾನ ಪಡಿ. ಅಲ್ಲಿ ನಿಂತಿರುವ ದೊಡ್ಡ ಗಂಡು ಹೋದ ವಾರ ಲಾರಿಯಿಂದ ಇಳಿದಿರುವ ಸಾಧ್ಯತೆಯೇ ಹೆಚ್ಚು. ‘ಈ ಪ್ರಾಣಿಗಳು ಇದೇ ಜಮೀನಿನಲ್ಲಿ ಹುಟ್ಟಿ ಬೆಳೆದವೇ?’ ಎಂದು ಕೇಳಿದರೆ ಒಳ್ಳೆಯವನು ಸಿಟ್ಟಾಗುವುದಿಲ್ಲ. ಬೆಲೆಪಟ್ಟಿಯಲ್ಲಿ ಗೋಲ್ಡನ್ ವಿಲ್ಡಬೀಸ್ಟ್, ಕಪ್ಪು ಇಂಪಾಲ, ಬಿಳಿ ಸ್ಪ್ರಿಂಗ್‌ಬಾಕ್‌ನಂಥ ಬಣ್ಣದ ತಳಿಗಳೇ ತುಂಬಿದ್ದರೆ ಅದು ಕಾಡಿಗಿಂತ ಕೊಟ್ಟಿಗೆಗೆ ಹತ್ತಿರದ ಜಾಗ.

ಎರಡನೆಯ ಪ್ರಶ್ನೆ: ಜಮೀನು ಅವನದೇ, ಗುತ್ತಿಗೆಯೇ, ಅಕ್ಕಪಕ್ಕದವರದೇ? ನೀವು ಪಟ್ಟಿ ಕೊಟ್ಟ ಐದು ಪ್ರಾಣಿಗಳಲ್ಲಿ ಎಷ್ಟು ಅಲ್ಲೇ ಸಿಗುತ್ತವೆ? ಕೆಲವರು ಮೂವತ್ತು ಜಾತಿ ಪಟ್ಟಿ ಮಾಡಿರುತ್ತಾರೆ, ಮನೆಯ ಸುತ್ತ ಇರುವುದು ಎಂಟೇ. ಉಳಿದವಕ್ಕೆ ಬೆಳಗಿನ ಜಾವ ಬಕ್ಕಿ ಹತ್ತಿ, ಅಂದರೆ ಅಲ್ಲಿನವರ ಪಿಕಪ್ ಗಾಡಿಯಲ್ಲಿ, ಮೂರು ಗಂಟೆ ಹೈವೇ ಪಯಣ. ಏಳು ದಿನದಲ್ಲಿ ಎರಡು ದಿನ ರಸ್ತೆಯಲ್ಲೇ ಕಳೆದುಹೋಗುತ್ತದೆ, ಆ ದಿನಗಳ ಬಾಡಿಗೆಯೂ ನಿಮ್ಮದೇ. ಅದೇ ವಾರ ಎಷ್ಟು ಜನ ಬೇರೆ ಬೇಟೆಗಾರರು ಇರುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ.

ತಿಂಗಳು ಆರಿಸುವುದು ಕಷ್ಟವಲ್ಲ. ಜೂನ್‌ನಿಂದ ಆಗಸ್ಟ್ ಅಲ್ಲಿ ಚಳಿಗಾಲ: ಎಲೆ ಉದುರಿರುತ್ತದೆ, ನೀರಿನ ಗುಂಡಿಗಳಿಗೆ ಪ್ರಾಣಿ ಬರುತ್ತವೆ, ಸೊಳ್ಳೆ ಕಡಿಮೆ. ನೆಲಕ್ಕೆ ತಕ್ಕಂತೆ ಗುರಿಯ ದೂರವೂ ಬದಲಾಗುತ್ತದೆ. ದಕ್ಷಿಣ ಆಫ್ರಿಕದ ಲಿಂಪೊಪೊ ಪ್ರಾಂತ್ಯದ ಮುಳ್ಳುಕಾಡಿನಲ್ಲಿ ನೂರು ಮೀಟರ್ ಒಳಗಿನ ಹೊಡೆತಗಳೇ ಹೆಚ್ಚು. ಈಸ್ಟರ್ನ್ ಕೇಪ್‌ನ ಗುಡ್ಡಗಳಲ್ಲಿ, ಫ್ರೀ ಸ್ಟೇಟ್‌ನ ಬಯಲಿನಲ್ಲಿ ಇನ್ನೂರು, ಮುನ್ನೂರು ಮೀಟರಿಗೆ ಸಿದ್ಧವಾಗಿರಬೇಕು. ಲಿಂಪೊಪೊದ ಉತ್ತರ, ಪೂರ್ವ ತಗ್ಗುಗಳಲ್ಲಿ ಮಲೇರಿಯ ಇದೆ, ಈಸ್ಟರ್ನ್ ಕೇಪ್‌ನಲ್ಲಿ ಇಲ್ಲ.

ಲೈಸೆನ್ಸ್ ಎರಡು, ಒಂದಲ್ಲ

ದಕ್ಷಿಣ ಆಫ್ರಿಕದಲ್ಲಿ ವಿದೇಶಿ ಬೇಟೆಗಾರ ಒಬ್ಬನೇ ಬೇಟೆಯಾಡುವಂತಿಲ್ಲ, ಪಿಎಚ್ ಜೊತೆಗಿರಲೇಬೇಕು. ಔಟ್‌ಫಿಟರ್‌ಗೆ ಒಂದು ಲೈಸೆನ್ಸ್, ಪಿಎಚ್‌ಗೆ ಇನ್ನೊಂದು. ಇವನ್ನು ಕೊಡುವುದು ಪ್ರಾಂತ್ಯ ಸರ್ಕಾರ, ಪ್ರಾಂತ್ಯಗಳು ಒಂಬತ್ತು. ಲಿಂಪೊಪೊದ ಕಾಗದ ಇಟ್ಟುಕೊಂಡವನು ಫ್ರೀ ಸ್ಟೇಟ್‌ಗೆ ಕರೆದೊಯ್ಯುತ್ತೇನೆ ಎಂದರೆ ಅಲ್ಲಿನ ಕಾಗದ ತೋರಿಸು ಎನ್ನಿ. ಎರಡರ ಪ್ರತಿಯನ್ನೂ ಇಮೇಲ್‌ನಲ್ಲಿ ತರಿಸಿಕೊಂಡು ಹೆಸರು, ಪ್ರಾಂತ್ಯ, ಅವಧಿ ನೋಡಿ.

ನಮೀಬಿಯದಲ್ಲಿ ಮಾರ್ಗದರ್ಶಕರಲ್ಲೇ ದರ್ಜೆಗಳಿವೆ. ‘ಹಂಟಿಂಗ್ ಗೈಡ್’ ಎಂದರೆ ತನ್ನ ನೋಂದಾಯಿತ ಜಮೀನಿಗೆ ಸೀಮಿತ, ‘ಪ್ರೊಫೆಷನಲ್ ಹಂಟರ್’ಗೆ ಆ ಕಟ್ಟಿಲ್ಲ. ಗೈಡ್ ಒಬ್ಬ ‘ಪಕ್ಕದ ಜಮೀನಿಗೆ ಹೋಗಿ ಬರೋಣ’ ಎಂದರೆ ಅಲ್ಲೇ ತಡೆಯಬೇಕು. ಕೋವಿಯ ಶಕ್ತಿಗೂ ಅಲ್ಲಿ ಕನಿಷ್ಠ ಮಿತಿ ಇದೆ: ಸ್ಪ್ರಿಂಗ್‌ಬಾಕ್‌ನಂಥ ಚಿಕ್ಕವಕ್ಕೆ 1350 ಜೂಲ್, ಕುಡು, ಜೆಮ್ಸ್‌ಬಾಕ್, ಈಲ್ಯಾಂಡ್‌ಗೆ 2700 ಜೂಲ್. ಸಾಮಾನ್ಯ .30-06 ಕೋವಿ ಇದನ್ನು ಸುಲಭವಾಗಿ ದಾಟುತ್ತದೆ.

ಪ್ರೊಫೆಷನಲ್ ಹಂಟರ್‌ಗಳ ಸಂಘದ ಸದಸ್ಯತ್ವ ನೋಡುವುದು ಒಳ್ಳೆಯದೇ: ನಮೀಬಿಯದಲ್ಲಿ ನಾಫಾ, ದಕ್ಷಿಣ ಆಫ್ರಿಕದಲ್ಲಿ ಫಾಸಾ. ಆದರೆ ಲೋಗೊ ಕಂಡೊಡನೆ ಸಮಾಧಾನ ಬೇಡ. ಬೋನಿನಲ್ಲಿ ಬೆಳೆಸಿದ ಸಿಂಹಗಳ ಬೇಟೆಯ ವಿಚಾರದಲ್ಲಿ 2017ರಲ್ಲಿ ಫಾಸಾ ನಿಲುವು ಬದಲಿಸಿ ಅದನ್ನು ಒಪ್ಪಿದಾಗ ಒಂದಷ್ಟು ಸದಸ್ಯರು ಹೊರನಡೆದು ಬೇರೆ ಸಂಘ ಕಟ್ಟಿಕೊಂಡರು. ನಿಮ್ಮ ಔಟ್‌ಫಿಟರ್ ಯಾವ ಕಡೆ ಇದ್ದಾನೆ ಎಂದು ಕೇಳಿದರೆ, ಅವನು ಬೇಟೆಯನ್ನು ಹೇಗೆ ನೋಡುತ್ತಾನೆ ಎಂಬುದೂ ಗೊತ್ತಾಗುತ್ತದೆ.

ಇನ್ನೊಂದು ಮಾತು. ಮಾತಾಡುವವನು ಮಾಲೀಕ, ಕಾಡಿಗೆ ಬರುವವನು ಬೇರೆ. ತುಂಬಿದ ಸೀಸನ್‌ನಲ್ಲಿ ದಿನಗೂಲಿಯ ಪಿಎಚ್‌ಗಳನ್ನು ಹೊರಗಿನಿಂದ ಕರೆಸುತ್ತಾರೆ, ಅವರಿಗೆ ಆ ಜಮೀನಿನ ಹಳ್ಳಕೊಳ್ಳ ಗೊತ್ತಿರುವುದಿಲ್ಲ. ‘ನನ್ನ ಪಿಎಚ್ ಯಾರು, ಈ ಜಮೀನಿನಲ್ಲಿ ಎಷ್ಟು ಸೀಸನ್ ಮಾಡಿದ್ದಾರೆ?’ ಎಂದು ಕೇಳಿ, ಆ ಹೆಸರು ಒಪ್ಪಂದದಲ್ಲಿ ಬರಲಿ. ಒಬ್ಬ ಪಿಎಚ್‌ಗೆ ಒಬ್ಬ ಬೇಟೆಗಾರನೋ ಇಬ್ಬರೋ ಎಂಬುದೂ ಬರಲಿ. ಇಬ್ಬರಾದರೆ ದಿನದ ದರ ಇಳಿಯುತ್ತದೆ, ನಿಮ್ಮ ಸರದಿಯೂ ಅರ್ಧಕ್ಕಿಳಿಯುತ್ತದೆ.

ಬೆಲೆಪಟ್ಟಿಯನ್ನು ಬಿಡಿಸಿ ನೋಡಿ

ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗ: ದಿನದ ದರ, ಹೊಡೆದ ಪ್ರಾಣಿಗೊಂದು ಟ್ರೋಫಿ ಶುಲ್ಕ (ಟ್ರೋಫಿ ಎಂದರೆ ನೆನಪಿಗೆ ಒಯ್ಯುವ ಕೋಡು, ಚರ್ಮ). ಲೆಕ್ಕ ತಿಳಿಯಲೆಂದು ಎರಡು ಕಾಲ್ಪನಿಕ ಪಟ್ಟಿ ತೆಗೆದುಕೊಳ್ಳೋಣ, ಏಳು ದಿನ, ನಾಲ್ಕು ಪ್ರಾಣಿ. ಮೊದಲನೆಯವನ ದಿನದ ದರ 400 ಡಾಲರ್. ಕುಡು 2400, ಜೆಮ್ಸ್‌ಬಾಕ್ 1200, ಇಂಪಾಲ 400, ವಾರ್ಟ್‌ಹಾಗ್ 400. ಒಟ್ಟು 7200. ಎರಡನೆಯವನ ದಿನದ ದರ 225 ಮಾತ್ರ. ಕುಡು 3200, ಜೆಮ್ಸ್‌ಬಾಕ್ 1600, ಇಂಪಾಲ 600, ವಾರ್ಟ್‌ಹಾಗ್ 500. ಒಟ್ಟು 7475. ಜಾಹೀರಾತಿನಲ್ಲಿ ಅಗ್ಗ ಕಂಡವನೇ ಕೊನೆಗೆ ದುಬಾರಿ. ಕುಡು ಮತ್ತು ಇಂಪಾಲ ಎರಡೇ ಹೊಡೆದರೆ ಲೆಕ್ಕ ತಿರುಗುತ್ತದೆ: ಮೊದಲನೆಯವನಲ್ಲಿ 5600, ಎರಡನೆಯವನಲ್ಲಿ 5375. ಅಂದರೆ ದಿನದ ದರ ಕಡಿಮೆ ಇಟ್ಟವನ ಲಾಭವೆಲ್ಲ ನಿಮ್ಮ ಟ್ರಿಗರ್‌ನಲ್ಲಿದೆ. ಸಂಜೆ ಮಬ್ಬುಗತ್ತಲಲ್ಲಿ ‘ಹೊಡಿ, ಹೊಡಿ’ ಎಂಬ ಒತ್ತಾಯ ಎಲ್ಲಿಂದ ಬರುತ್ತದೆ ಎಂಬುದು ಈ ಪಟ್ಟಿಯಲ್ಲೇ ಕಾಣುತ್ತದೆ.

ಕುಡುವಿಗೆ ಕೋಡಿನ ಅಳತೆ ಮೇಲೆ ಬೆಲೆ ಇಡುವವರ ಬಗ್ಗೆ ಎಚ್ಚರ. 55 ಇಂಚಿನವರೆಗೆ ಒಂದು ದರ, 55 ದಾಟಿದರೆ ಇನ್ನೊಂದು, 58 ದಾಟಿದರೆ ಮತ್ತೊಂದು. ಕೋಡನ್ನು ಅಳೆಯುವುದು ನೇರವಾಗಿ ಅಲ್ಲ, ಬುಡದಿಂದ ತುದಿಯವರೆಗೆ ಸುರುಳಿಯ ಏಣಿನ ಗುಂಟ. ಬೈನಾಕ್ಯುಲರ್‌ನಲ್ಲಿ 53 ಎಂದು ಪಿಎಚ್ ಅಂದಾಜಿಸಿದ್ದು ಟೇಪಿನಲ್ಲಿ 56 ಆಗುವುದು ಅಪರೂಪವಲ್ಲ. ಆ ತಪ್ಪಿನ ಹಣ ಯಾರು ಕೊಡಬೇಕು? ಅಂದಾಜು ಪಿಎಚ್‌ನದು, ಹೆಚ್ಚಳವೂ ಅವನದೇ ಎಂದು ಬರೆದುಕೊಡದಿದ್ದರೆ ಅಳತೆ ದರದವನನ್ನು ಬಿಡುವುದೇ ವಾಸಿ. ದಾಖಲೆ ಪುಸ್ತಕದ ಆಸೆ ಇದ್ದವರ ಮಾತು ಬೇರೆ. ರೋಲಂಡ್ ವಾರ್ಡ್ ಪಟ್ಟಿಗೆ ಗ್ರೇಟರ್ ಕುಡು ಸೇರಲು 53 7/8 ಇಂಚು ಬೇಕು, ಜೆಮ್ಸ್‌ಬಾಕ್‌ಗೆ 40.

ದರಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅವಿತಿರುವುವು: 15% ವ್ಯಾಟ್ ಸೇರಿದೆಯೇ, ವಿಮಾನ ನಿಲ್ದಾಣದಿಂದ ಕರೆತರುವ ಖರ್ಚು, ಬಾಡಿಗೆ ಕೋವಿ ಮತ್ತು ಗುಂಡು, ಜೊತೆಗೆ ಬರುವ ಸಂಗಾತಿಯ ದಿನದ ದರ, ಬೇಟೆ ಇಲ್ಲದ ದಿನದ ದರ. ಇವುಗಳಲ್ಲಿ ಯಾವುದೂ ಇಲ್ಲದೆ ಒಂದೇ ಮೊತ್ತದ ‘ಪ್ಯಾಕೇಜ್’ ಕೊಟ್ಟರೆ ಒಂದೇ ಪ್ರಶ್ನೆ: ಪಟ್ಟಿಯ ಪ್ರಾಣಿ ಸಿಗದಿದ್ದರೆ ದುಡ್ಡು ವಾಪಸ್ಸೋ, ಬದಲಿ ಪ್ರಾಣಿಯೋ? ಬೇಟೆಗಾರರ ಕ್ಲಬ್‌ಗಳ ಹರಾಜಿನಲ್ಲಿ ಸಿಗುವ ‘ದಾನದ ಬೇಟೆ’ಗಳಲ್ಲೂ ಅನೇಕ ಸಲ ಉಚಿತವಾಗಿರುವುದು ದಿನದ ದರ ಮಾತ್ರ, ಟ್ರೋಫಿ ಶುಲ್ಕ ಪೂರ್ತಿ.

ಒಂದು ಹನಿ ರಕ್ತ

ಇಡೀ ಒಪ್ಪಂದದಲ್ಲಿ ಎರಡು ಸಲ ಓದಬೇಕಾದ್ದು ಗಾಯದ ಷರತ್ತು. ಆಫ್ರಿಕದ ರೂಢಿ ಸರಳ: ರಕ್ತ ಕಂಡರೆ ಹಣ. ಗುಂಡು ತಗುಲಿದ ಪ್ರಾಣಿ ಸಿಗದಿದ್ದರೂ ಪೂರ್ತಿ ಟ್ರೋಫಿ ಶುಲ್ಕ ಕೊಡಬೇಕು. ಇದು ನ್ಯಾಯವೇ. ಜಗಳವಾಗುವುದು ಉಳಿದದ್ದರಲ್ಲಿ. ರಕ್ತ ಎಂದು ತೀರ್ಮಾನಿಸುವವರು ಯಾರು? ಹೆಜ್ಜೆ ಹಿಡಿದು ಎಷ್ಟು ಹೊತ್ತು ಹುಡುಕುತ್ತಾರೆ? ರಕ್ತದ ಜಾಡು ಹಿಡಿಯುವ ನಾಯಿ ಇದೆಯೇ? ನೀವು ವಿಮಾನ ಹತ್ತಿದ ಮೇಲೆ ಆ ಪ್ರಾಣಿ ಸಿಕ್ಕರೆ ಕೋಡು ನಿಮಗೆ ಕಳುಹಿಸುತ್ತಾರೆಯೇ?

ಗಾಯವಾಗುವುದಕ್ಕೆ ಒಂದು ಮಾಮೂಲಿ ಕಾರಣವಿದೆ. ಅಮೆರಿಕದ ಜಿಂಕೆ ಬೇಟೆಯಲ್ಲಿ ಭುಜದ ಹಿಂದೆ ಹೊಡೆದು ರೂಢಿಯಾಗಿರುತ್ತದೆ. ಆಫ್ರಿಕದ ಈ ಪ್ರಾಣಿಗಳ ಹೃದಯ ಮುಂದೆ, ತಗ್ಗಿನಲ್ಲಿ, ಮುಂಗಾಲುಗಳ ನಡುವೆಯೇ ಇದೆ. ಅಡ್ಡ ನಿಂತ ಪ್ರಾಣಿಯ ಮುಂಗಾಲಿನ ಗೆರೆಯಲ್ಲೇ ಮೇಲೆ ಹೋಗಿ, ಮೈಯ ಕೆಳಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ನಿಲ್ಲಿ. ಹಳೇ ರೂಢಿಯಲ್ಲಿ ಒಂದು ಗೇಣು ಹಿಂದೆ ಹೊಡೆದರೆ ಗುಂಡು ಹೊಟ್ಟೆಗೆ, ಪ್ರಾಣಿ ಮೈಲುಗಟ್ಟಲೆ ದೂರಕ್ಕೆ. ವಿಲ್ಡಬೀಸ್ಟ್ ಅಂತೂ ಈ ತಪ್ಪನ್ನು ಕ್ಷಮಿಸುವುದೇ ಇಲ್ಲ. ಒಳ್ಳೆಯ ಔಟ್‌ಫಿಟರ್ ಮೊದಲ ದಿನವೇ ಚಿತ್ರ ತೋರಿಸಿ ಇದನ್ನು ಹೇಳಿಕೊಡುತ್ತಾನೆ, ಮೂರು ಕಾಲಿನ ಶೂಟಿಂಗ್ ಸ್ಟಿಕ್ ಮೇಲೆ ಕೋವಿ ಇಟ್ಟು ಗುರಿ ಸರಿಪಡಿಸಿಕೊಳ್ಳಲು ಬಿಡುತ್ತಾನೆ. ಇಳಿದ ಸಂಜೆಯೇ ಗುರಿ ನೋಡದೆ ಕಾಡಿಗೆ ಕರೆದರೆ ಒಲ್ಲೆ ಎನ್ನಿ.

ಹಿಂದೆ ಹೋದವರನ್ನು ಕೇಳುವ ಬಗೆ

ಔಟ್‌ಫಿಟರ್ ಕೊಡುವ ಮೂರು ಹೆಸರು ಅವನ ಮೂವರು ಗೆಳೆಯರದಾಗಿರುತ್ತದೆ. ‘ಕಳೆದ ಸೀಸನ್‌ನಲ್ಲಿ ಬಯಸಿದ್ದು ಸಿಗದೆ ವಾಪಸ್ಸಾದ ಇಬ್ಬರ ನಂಬರ್ ಕೊಡಿ’ ಎಂದು ಕೇಳಿ. ಅವರಿಗೆ ಫೋನ್ ಮಾಡಿ, ಚೆನ್ನಾಗಿತ್ತಾ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ದಿನಕ್ಕೆ ಎಷ್ಟು ಗಂಟೆ ನಡೆದಿರಿ, ಎಷ್ಟು ಗಂಟೆ ಗಾಡಿಯಲ್ಲಿ ಕೂತಿರಿ? ಕೊನೆಯ ಬಿಲ್ಲು ಮೊದಲು ಹೇಳಿದ್ದಕ್ಕಿಂತ ಎಷ್ಟು ಹೆಚ್ಚಾಯಿತು? ಟ್ರೋಫಿ ಮನೆ ತಲುಪಲು ಎಷ್ಟು ತಿಂಗಳು ಹಿಡಿಯಿತು? ಕೊನೆಯ ಪ್ರಶ್ನೆಗೆ ಅತ್ತ ಕಡೆಯಿಂದ ನಿಟ್ಟುಸಿರು ಬಂದರೆ ಅದೂ ಒಂದು ಉತ್ತರ.

ಮುಂಗಡ ಸಾಮಾನ್ಯವಾಗಿ ಅರ್ಧದವರೆಗೂ ಕೇಳುತ್ತಾರೆ. ಕಂಪನಿಯ ಖಾತೆಗೆ ಮಾತ್ರ ಹಾಕಿ, ವ್ಯಕ್ತಿಯ ಖಾತೆಗೆ ಬೇಡ. ಇಮೇಲ್‌ನಲ್ಲಿ ಬಂದ ಖಾತೆ ಸಂಖ್ಯೆಯನ್ನು ಫೋನಿನಲ್ಲಿ ಓದಿಸಿಕೊಂಡು ತಾಳೆ ನೋಡಿ. ಔಟ್‌ಫಿಟರ್ ಬೇಟೆ ನಡೆಸಲಾಗದಿದ್ದರೆ, ನೀವು ಹೋಗಲಾಗದಿದ್ದರೆ, ವಿಮಾನವೇ ಹಾರದಿದ್ದರೆ: ಮೂರಕ್ಕೂ ಬೇರೆ ಬೇರೆ ಉತ್ತರ ಬರವಣಿಗೆಯಲ್ಲಿರಲಿ.

ಕೋವಿ, ಕೋಡು, ಕಾಗದ

ಸ್ವಂತ ಕೋವಿ ಒಯ್ಯುವವರಿಗೆ ದಕ್ಷಿಣ ಆಫ್ರಿಕ ಪೊಲೀಸರ ಎಸ್‌ಎಪಿಎಸ್ 520 ಅರ್ಜಿ. ಕಪ್ಪು ಶಾಯಿಯಲ್ಲಿ ತುಂಬಬೇಕು, ಸಹಿಯನ್ನು ಮಾತ್ರ ವಿಮಾನ ನಿಲ್ದಾಣದ ಅಧಿಕಾರಿಯ ಎದುರೇ ಹಾಕಬೇಕು. ಔಟ್‌ಫಿಟರ್‌ನ ಆಹ್ವಾನ ಪತ್ರ, ಕೋವಿ ನಿಮ್ಮದೆಂಬ ದಾಖಲೆ, ಪಾಸ್‌ಪೋರ್ಟ್, ಟಿಕೆಟ್ ಜೊತೆಗಿರಲಿ. ಗುಂಡು ಕೋವಿಗೆ 200ರ ಒಳಗೆ. ಆಹ್ವಾನ ಪತ್ರವನ್ನು ಹೊರಡುವ ಹಿಂದಿನ ದಿನ ಕಳಿಸುವ ಔಟ್‌ಫಿಟರ್ ಉಳಿದ ಕೆಲಸವನ್ನೂ ಹಾಗೆಯೇ ಮಾಡುತ್ತಾನೆ. ಕೊಡಗಿನವರಿಗೆ ಒಂದು ಕಿವಿಮಾತು: ಮನೆಯ ಕೋವಿಗಿರುವ ಲೈಸೆನ್ಸ್ ವಿನಾಯಿತಿ ಭಾರತದೊಳಗಿನದು, ಅದನ್ನು ನಂಬಿ ಜೋಹಾನ್ಸ್‌ಬರ್ಗ್‌ನ ಕೌಂಟರಿನಲ್ಲಿ ನಿಲ್ಲಬೇಡಿ, ಬಾಡಿಗೆ ಕೋವಿಯೇ ಲೇಸು.

ಕೋಡು, ಚರ್ಮದ ಕೆಲಸ ಕೆಡುವುದು ಮೊದಲ ದಿನದಲ್ಲೇ. ಬಿಸಿಲಿಗೆ ಬಿಟ್ಟ, ತಡವಾಗಿ ಸುಲಿದ, ಉಪ್ಪು ಸಾಲದ ಚರ್ಮದಲ್ಲಿ ಕೂದಲು ಉದುರುತ್ತದೆ, ಆಮೇಲೆ ಯಾವ ಟ್ಯಾಕ್ಸಿಡರ್ಮಿಸ್ಟ್‌ನಿಂದಲೂ ಸರಿಯಾಗುವುದಿಲ್ಲ. ಸುಲಿಯುವ ಶೆಡ್, ಉಪ್ಪಿನ ಕೋಣೆಯ ಫೋಟೊ ತರಿಸಿಕೊಳ್ಳಿ, ಊಟದ ಕೋಣೆಯದಕ್ಕಿಂತ ಅದು ಮುಖ್ಯ. ನೇರ ಮನೆಗೆ ಕಳುಹಿಸುವುದಾದರೆ ‘ಡಿಪ್ ಆಂಡ್ ಪ್ಯಾಕ್’, ಅಂದರೆ ಸೋಂಕು ನಿವಾರಣೆ ಮಾಡಿ ಪೆಟ್ಟಿಗೆ ಕಟ್ಟುವುದು. ಅದರ ದರ, ಸಾಗಣೆ ದರ ಎರಡನ್ನೂ ಬೇಟೆಗೆ ಮುಂಚೆಯೇ ಕೇಳಿ. ನಮೀಬಿಯದ ಹಾರ್ಟ್‌ಮನ್ ಬೆಟ್ಟದ ಜೀಬ್ರಾ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿದೆ, ರಫ್ತಿಗೆ ಪ್ರತ್ಯೇಕ ಪರ್ಮಿಟ್ ಬೇಕು. ಬಾಂಟಿಬಾಕ್ ಅನ್ನು ಅಮೆರಿಕಕ್ಕೆ ಒಯ್ಯಲು ಅಲ್ಲಿನ ಆಮದು ಪರ್ಮಿಟ್ ಬೇಕು, ಅದರ ಹತ್ತಿರದ ನೆಂಟ ಬ್ಲೆಸ್‌ಬಾಕ್‌ಗೆ ಬೇಡ. ಇವನ್ನೆಲ್ಲ ಕೇಳುವ ಮೊದಲೇ ಹೇಳುವವನು ಕೆಲಸ ಬಲ್ಲವನು. ಟ್ರೋಫಿಯನ್ನು ಭಾರತದ ಮನೆಗೆ ತರುವ ಯೋಚನೆಯನ್ನಂತೂ ಮೊದಲೇ ಬಿಟ್ಟು, ಫೋಟೊಗೆ ತೃಪ್ತರಾಗಿ.

ಹೊರಡುವ ದಿನ ಬೇಟೆ ರಿಜಿಸ್ಟರ್‌ಗೆ ನಿಮ್ಮ ಸಹಿ ಬೀಳುತ್ತದೆ. ಜಾತಿ, ಸಂಖ್ಯೆ, ದಿನಾಂಕ, ಜಮೀನಿನ ಹೆಸರು ಸರಿಯಿದೆಯೇ ಓದಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಪ್ರತಿ ತಲೆಬುರುಡೆ, ಪ್ರತಿ ಚರ್ಮಕ್ಕೂ ನಿಮ್ಮ ಹೆಸರಿನ ಟ್ಯಾಗ್ ಕಟ್ಟಿಸಿ ಅದರದೂ ಒಂದು ಫೋಟೊ ತೆಗೆಯಿರಿ. ತಿಂಗಳುಗಳ ನಂತರ ಪೆಟ್ಟಿಗೆಯಲ್ಲಿ ಬೇರೆಯವರ ಇಂಪಾಲ ಬಂದರೆ ತೋರಿಸಲು ಬೇರೇನೂ ಇರುವುದಿಲ್ಲ.