ಮತ್ತೆ ಬಂದ ಜ್ವರ: ಹಳೆಯದಾ, ಹೊಸದಾ?

ಸಿಂಧನೂರಿನ ಆಚೆ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಒಂದು ಊರು. ಭತ್ತ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳಿಗೆ ಫಾಲ್ಸಿಪ್ಯಾರಮ್ ಎಂಬ ರೋಗಾಣುವಿನ ಮಲೇರಿಯಾ ಬಂದಿತ್ತು. ಮೂರು ದಿನದ ಮಾತ್ರೆ ಒಂದೂ ತಪ್ಪಿಸದೆ ನುಂಗಿದ್ದರು. ಜ್ವರ ಬಿಟ್ಟಿತ್ತು. ಐದನೇ ವಾರ ಮತ್ತೆ ಚಳಿ ಹತ್ತಿತು. "ಗುಳಿಗಿ ಹತ್ತಲಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು.

ನಾನು ಲ್ಯಾಬಿನಲ್ಲಿ ರೋಗಾಣುವಿನ ಡಿಎನ್‌ಎ ನೋಡುವವಳು. ಅವರ ಪ್ರಶ್ನೆಗೆ ಸ್ಲೈಡಿನಲ್ಲಿ ಉತ್ತರ ಸಿಗುವುದಿಲ್ಲ. ಎರಡು ಸಲವೂ ಕಾಣುವುದು ಅದೇ ಉಂಗುರದ ಆಕಾರ. ಹಳೆಯ ರೋಗಾಣುವೇ ಔಷಧಿಗೆ ಬಗ್ಗದೆ ಉಳಿದು ಬೆಳೆಯಿತೋ, ಬೇರೆ ಸೊಳ್ಳೆ ಹೊಸದನ್ನು ತಂದಿತೋ? ಮೊದಲನೆಯದಾದರೆ ಔಷಧಿಯ ಮೇಲೆ ಅನುಮಾನ ಪಡಬೇಕು. ಎರಡನೆಯದಾದರೆ ಸೊಳ್ಳೆ ಎಲ್ಲಿಂದ ಬಂತು ಎಂದು ಹುಡುಕಬೇಕು. ಚಿಕಿತ್ಸೆ ಮಾತ್ರ ಅದಕ್ಕಾಗಿ ಕಾಯಲಿಲ್ಲ, ಅವತ್ತೇ ಶುರುವಾಯಿತು.

ಅವರ ಒಪ್ಪಿಗೆ ಪಡೆದು ಮೊದಲ ದಿನವೇ ಫಿಲ್ಟರ್ ಪೇಪರ್ ಮೇಲೆ ರಕ್ತದ ಚುಕ್ಕೆ ತೆಗೆದಿಟ್ಟಿದ್ದೆ. ಈಗ ಇನ್ನೊಂದು ತೆಗೆದೆ. ಹೋಲಿಸಲು ಎರಡೂ ಬೇಕು.

ಚುಕ್ಕೆ ಒಣಗಿಸುವುದು ಸಣ್ಣ ಕೆಲಸ ಅನ್ನಿಸುತ್ತದೆ, ಅಲ್ವಾ? ನನ್ನ ಮೊದಲ ಮಳೆಗಾಲದಲ್ಲಿ ಹಸಿ ಆರುವ ಮುಂಚೆಯೇ ಪೇಪರ್‌ಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಬಿಟ್ಟೆ. ಬೂಸ್ಟು ಬಂತು. ಆ ಕಟ್ಟಿನಲ್ಲಿ ಒಂದು ಬ್ಯಾಂಡ್ (ಡಿಎನ್‌ಎ ಇದೆ ಎಂದು ತೋರಿಸುವ ಗೆರೆ) ಕೂಡ ಸಿಗಲಿಲ್ಲ. ಜ್ವರದಲ್ಲಿ ನಡುಗುತ್ತಾ ಬೆರಳು ಚಾಚಿದವರ ಮುಖ ನೆನಪಾಗಿ ತುಂಬಾ ಸಂಕಟವಾಯಿತು. ಈಗ ನೆರಳಲ್ಲಿ ನಾಲ್ಕು ಗಂಟೆ ಒಣಗಿಸುತ್ತೇನೆ. ನೊಣ, ಇರುವೆ ಮುತ್ತದಂತೆ ಮೇಲೆ ಜಾಲರಿ. ಒಂದೊಂದು ಪೇಪರಿಗೂ ಬೇರೆ ಬೇರೆ ಕವರ್, ಒಳಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿಗೆ ತಿರುಗಿದರೆ ಬದಲಿಸುತ್ತೇನೆ. ರಾಯಚೂರಿನ ಬಿಸಿಲಲ್ಲಿ ನಿಂತ ಜೀಪಿನೊಳಗೆ ಪೇಪರ್ ಬಿಡುವುದೇ ಇಲ್ಲ.

ಫಾಲ್ಸಿಪ್ಯಾರಮ್‌ನ ಡಿಎನ್‌ಎ ಸುಮಾರು 2.3 ಕೋಟಿ ಅಕ್ಷರದಷ್ಟು ಉದ್ದ, 14 ಕ್ರೋಮೋಸೋಮ್. ಪೂರ್ತಿ ಓದಿ ಪ್ರಕಟವಾಗಿದ್ದು 2002ರಲ್ಲಿ. ನನಗೆ ಬೇಕಾದದ್ದು ಅದರಲ್ಲಿ ಮೂರೇ ಜೀನ್: ಎಂಎಸ್‌ಪಿ-1, ಎಂಎಸ್‌ಪಿ-2, ಗ್ಲರ್ಪ್. ಇವುಗಳಲ್ಲಿ ಕೆಲವು ತುಣುಕುಗಳು ಮತ್ತೆ ಮತ್ತೆ ಬರುತ್ತವೆ. ಒಂದು ತಳಿಯಲ್ಲಿ ಜಾಸ್ತಿ ಸಲ, ಇನ್ನೊಂದರಲ್ಲಿ ಕಡಿಮೆ ಸಲ. ಹಾಗಾಗಿ ಉದ್ದ ಅಳೆದರೆ ತಳಿಯ ಗುರುತು ಸಿಗುತ್ತದೆ. ನಮ್ಮ ರಕ್ತದಲ್ಲಿರುವಾಗ ರೋಗಾಣುವಿಗೆ ಪ್ರತಿ ಜೀನಿನದೂ ಒಂದೇ ಪ್ರತಿ. ಒಂದೇ ಜೀನಿಗೆ ಎರಡು ಬ್ಯಾಂಡ್ ಬಂದರೆ ಒಳಗೆ ಕನಿಷ್ಠ ಎರಡು ತಳಿ ಇದೆ ಎಂದರ್ಥ. ಅಂಥ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವಿನ ಗಂಡು ಹೆಣ್ಣು ಕೂಡಿ, ಜೀನ್‌ಗಳು ಕಲೆತು ಇನ್ನೊಂದು ಹೊಸ ತಳಿಯೂ ಹುಟ್ಟಬಹುದು. ಇದನ್ನು ಎಷ್ಟು ಸಲ ಯೋಚಿಸಿದರೂ ನನಗೆ ಬೆರಗು.

ಚುಕ್ಕೆಯಿಂದ ಸಣ್ಣ ಬಿಲ್ಲೆ ಕತ್ತರಿಸಿ, ಡಿಎನ್‌ಎ ಹೊರತೆಗೆಯಲು ಚೆಲೆಕ್ಸ್‌ನಲ್ಲಿ ಕುದಿಸಿ, ಬೇಕಾದ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ ಪಿಸಿಆರ್ ಅನ್ನು ಎರಡು ಸುತ್ತು ಮಾಡಿದೆ. ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಓಡಿಸಿದಾಗ, ಏನೂ ಕಾಣಬಾರದ, ಬರೀ ನೀರು ಹಾಕಿದ ಟ್ಯೂಬಿನಲ್ಲೂ ಬ್ಯಾಂಡ್! ಮೊದಲ ಸುತ್ತಿನ ಟ್ಯೂಬ್ ತೆರೆದಾಗ ಸ್ವಲ್ಪ ಡಿಎನ್‌ಎ ಹಾರಿರಬೇಕು. ಎರಡು ದಿನದ ಕೆಲಸ ಎಸೆದೆ. ಎರಡು ಬೇರೆ ಕೋಣೆ, ಹೊಸ ಪಿಪೆಟ್ ತುದಿ, ಮತ್ತೆ ಮೊದಲಿಂದ.

ಈ ಸಲ ನೀರಿನ ಸಾಲು ಖಾಲಿ. ಎಂಎಸ್‌ಪಿ-2ರಲ್ಲಿ ಮೊದಲ ದಿನದ ಚುಕ್ಕೆ 3ಡಿ7 ಗುಂಪಿನದು, ಎರಡು ಬ್ಯಾಂಡ್. ಐದನೇ ವಾರದ್ದು ಎಫ್‌ಸಿ27 ಗುಂಪು, ಒಂದೇ ಬ್ಯಾಂಡ್. ಆದರೂ ಅವಸರ ಮಾಡಲಿಲ್ಲ. ಮೊದಲ ದಿನ ತೀರಾ ಕಡಿಮೆ ಇದ್ದ ತಳಿ ಜೆಲ್‌ನಲ್ಲಿ ಕಾಣದೆ ಹೋಗಿರಬಹುದು. ಉಳಿದ ಎರಡು ಜೀನ್‌ಗಳನ್ನೂ ನೋಡಿದೆ. ಮೂರರಲ್ಲೂ ಅಳತೆ ಬೇರೆ.

ಅವರ ಮನೆಗೆ ಹೋಗಿ ಹೇಳಿದೆ: "ಗುಳಿಗಿ ಹತ್ತಿತ್ರೀ. ಭತ್ತದಾಗ ತಳಿ ಇದ್ದಂಗ ಇದರಾಗೂ ಅದಾವ. ಇದು ಬ್ಯಾರೆ ತಳಿ, ಹೊಸ ಸೊಳ್ಳಿ ತಂದದ್ದು." ಅವರು ಸುಮ್ನೆ ಎದ್ದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕಾಲುವೆಯಿಂದ ಜಿನುಗಿದ ನೀರು ಎಮ್ಮೆ ಕಟ್ಟುವ ಗೂಟದ ಹತ್ತಿರ ನಿಂತಿತ್ತು. ಬಗ್ಗಿ ನೋಡಿದರೆ ಸೊಳ್ಳೆ ಮರಿಗಳು ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಗಳು ಹಾಗೇ ಇರುತ್ತವೆ. ಮರುದಿನ ಗಂಡಸರು ಗುದ್ದಲಿ ಹಿಡಿದು ಆ ನೀರಿಗೆ ದಾರಿ ಮಾಡಿದರು.

ನಲವತ್ತೆರಡನೇ ದಿನ ಇನ್ನೊಂದು ಚುಕ್ಕೆ ತೆಗೆದುಕೊಂಡೆ. ಆ ಸಾಲಿನಲ್ಲಿ ಯಾವ ಬ್ಯಾಂಡೂ ಇರಲಿಲ್ಲ.