ಎರಡು ನಿಮಿಷ, ಒಂದು ಜುಮುಕಿ: ಕಾಲೇಜು ಲವ್ ಸ್ಟೋರಿಗೆ ಓಪನಿಂಗ್ ಮಾಡುವುದು ಹೇಗೆ?

ಸಿನಿಮಾ ಮಾಡಬೇಕು ಅಂತ ಆಸೆಪಡುವ ಹುಡುಗ ಹುಡುಗಿಯರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ಮೊದಲು ಎರಡು ನಿಮಿಷ ಮಾಡಿ. ಪೂರ್ತಿ ಕಥೆ ಬೇಡ, ಓಪನಿಂಗ್, ಅಂದರೆ ಸಿನಿಮಾದ ಶುರುವಿನ ಭಾಗ ಸಾಕು. ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಪಠ್ಯಕ್ರಮದಲ್ಲಿ ಎಎಸ್ ಹಂತದ (ನಮ್ಮ ಪಿಯುಸಿಯಂಥದ್ದು) ಮೀಡಿಯಾ ಸ್ಟಡೀಸ್ ಓದುವವರಿಗೂ ಇದೇ ಪ್ರಾಜೆಕ್ಟ್ ಇದೆ. ಟೈಟಲ್ ಸೇರಿ ಹೆಚ್ಚೆಂದರೆ ಎರಡು ನಿಮಿಷ. ಖರ್ಚು ಕಡಿಮೆ, ಎರಡು ಶನಿವಾರದಲ್ಲಿ ಶೂಟಿಂಗ್ ಮುಗಿಯುತ್ತದೆ.

ಹಿಂದಿ ಸಿನಿಮಾ ಶೈಲಿಯ ಹದಿಹರೆಯದ ಲವ್ ಸ್ಟೋರಿ, ಜೊತೆಗೆ ಸ್ವಲ್ಪ ನಗು. ಜಾಸ್ತಿ ಜನ ಆರಿಸಿಕೊಳ್ಳುವುದು ಇದನ್ನೇ. ಎಡವುವುದೂ ಒಂದೇ ಜಾಗದಲ್ಲಿ. ಕಾರಿಡಾರಿನಲ್ಲಿ ಡಿಕ್ಕಿ, ಪುಸ್ತಕ ಕೆಳಗೆ, ಕಣ್ಣು ಕಣ್ಣು ಸೇರಿತು, ಹಾಡು ಶುರು. ಎರಡನೇ ನಿಮಿಷಕ್ಕೆ ಪ್ರೀತಿ ಆಗಿಯೇ ಹೋಯಿತು. ಆಮೇಲೆ ನೋಡುವವರು ಯಾಕೆ ಕೂತಿರಬೇಕು?

ಕಥೆ: ಆಸೆ ಮತ್ತು ಅಡ್ಡಿ

1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಶುರುವಾಗುವುದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ. ಅಲ್ಲಿ ಪ್ರೇಮಿಗಳಿಲ್ಲ. ನಾಯಕಿಯ ಅಪ್ಪ ಪಾರಿವಾಳಗಳಿಗೆ ಕಾಳು ಹಾಕುತ್ತಾ ತನ್ನ ಪಂಜಾಬನ್ನು ನೆನೆಯುತ್ತಿರುತ್ತಾನೆ. ಅಂದರೆ ಮುಂದೆ ಈ ಪ್ರೀತಿಗೆ ಅಡ್ಡ ನಿಲ್ಲುವ ಮನುಷ್ಯ ಮೊದಲೇ ಬಂದುಬಿಟ್ಟ, ಅದೂ ನಮಗೆ ಅವನ ಮೇಲೆ ಕನಿಕರ ಹುಟ್ಟುವ ಹಾಗೆ. ಓಪನಿಂಗ್ ಮಾಡಬೇಕಾದ ಕೆಲಸ ಇದು. ಇಬ್ಬರೂ ಬೇರೆ ಬೇರೆ ಇರಲಿ, ನಡುವೆ ಒಂದು ಅಡ್ಡಿ ಇರಲಿ. ಅವರು ಸೇರಬೇಕು ಅಂತ ಅವರಿಗಿಂತ ಮುಂಚೆ ನಮಗೆ ಅನ್ನಿಸಬೇಕು.

ಒಂದು ಕಥೆ ಹಿಡಿದುಕೊಂಡೇ ಹೇಳುತ್ತೇನೆ. ಹುಡುಗ ಪಿಯುಸಿ ಓದುತ್ತಿದ್ದಾನೆ. ಅಪ್ಪನದು ಮದುವೆ ಬ್ಯಾಂಡ್ ಸೆಟ್. ರಜೆಯಲ್ಲಿ ಅವನೂ ಕೆಂಪು ಕೋಟು, ಟೋಪಿ ಹಾಕಿಕೊಂಡು ಯೂಫೋನಿಯಂ ಎಂಬ ದೊಡ್ಡ ಬಾಯಿಯ ಹಿತ್ತಾಳೆ ವಾದ್ಯ ಊದುತ್ತಾನೆ. ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದು ಅವನಿಗೆ ಬೇಡ. ಹುಡುಗಿಗೆ ಕುಣಿತ ಅಂದರೆ ಪ್ರಾಣ. ಅಕ್ಕನ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಮುಂದೆ ಕುಣಿಯುತ್ತಾಳೆ. ಕಿವಿಯ ಜುಮುಕಿ ಹಾರಿ ಅವನ ವಾದ್ಯದ ಬಾಯಿಗೆ ಬೀಳುತ್ತದೆ. ಮಾರನೇ ದಿನ ಇಬ್ಬರೂ ಒಂದೇ ಕ್ಲಾಸಿನಲ್ಲಿ. ಜುಮುಕಿ ಅವನ ಜೇಬಿನಲ್ಲಿದೆ. ಕೊಟ್ಟರೆ ತಾನು ಯಾರು ಅಂತ ಹೇಳಬೇಕು.

ನಿಮ್ಮ ಕಥೆ ಬೇರೆಯೇ ಇರಲಿ. ಆದರೆ ಕೈಯಲ್ಲಿ ಹಿಡಿಯಬಹುದಾದ ಇಂಥ ಒಂದು ವಸ್ತು ಇರಲಿ. ಟಿಫಿನ್ ಡಬ್ಬಿ, ಬಸ್ ಪಾಸ್, ಛತ್ರಿ, ಏನಾದರೂ ಸರಿ. ಎರಡು ನಿಮಿಷದಲ್ಲಿ ಮಾತಿಗಿಂತ ವಸ್ತು ಬೇಗ ಕಥೆ ಹೇಳುತ್ತದೆ.

ಶೂಟಿಂಗಿಗಿಂತ ಮೊದಲು ಹಾಡು

ಹಿಂದಿ ಸಿನಿಮಾದ ಜೀವ ಹಾಡಿನಲ್ಲಿದೆ, ಅಲ್ವಾ? ಹಾಗಾಗಿ ಸಂಗೀತ ಮೊದಲು ತಯಾರಾಗಲಿ. ಜನಪ್ರಿಯ ಹಾಡಿನ ಐದು ಸೆಕೆಂಡ್ ಬಳಸಿದರೆ ತೊಂದರೆ ಇಲ್ಲ ಅನ್ನುವ ನಂಬಿಕೆ ತಪ್ಪು. ಅಂಥ ರಿಯಾಯಿತಿ ಕಾನೂನಿನಲ್ಲಿಲ್ಲ, ಯೂಟ್ಯೂಬ್ ಕೂಡ ಸಣ್ಣ ತುಣುಕನ್ನೂ ಗುರುತು ಹಿಡಿಯುತ್ತದೆ. ಡೋಲಕ್, ಹಾರ್ಮೋನಿಯಂ, ಕೈ ಚಪ್ಪಾಳೆ ಸಾಕು. ಸ್ನೇಹಿತರೇ ಹೊಸ ಮಟ್ಟು ಕಟ್ಟಲಿ.

ವೇಗ ನಿಮಿಷಕ್ಕೆ 100 ಬೀಟ್ ಇರಲಿ. ಇದರ ಹಿಂದೆ ಒಂದು ಲೆಕ್ಕವಿದೆ. ಒಂದು ಬೀಟ್ ಅಂದರೆ 0.6 ಸೆಕೆಂಡ್. ಸೆಕೆಂಡಿಗೆ 25 ಫ್ರೇಮಿನಂತೆ (ಫ್ರೇಮ್ ಅಂದರೆ ವಿಡಿಯೊದ ಒಂದೊಂದು ಚಿತ್ರ) ಶೂಟ್ ಮಾಡಿದರೆ ಪ್ರತಿ ಬೀಟಿಗೆ ಸರಿಯಾಗಿ 15 ಫ್ರೇಮ್. ಎಡಿಟಿಂಗ್‌ನಲ್ಲಿ ಎಲ್ಲಿ ಕಟ್ ಮಾಡಬೇಕು ಅಂತ ತಡಕಾಡುವುದೇ ಬೇಡ. ನಾಲ್ಕು ಬೀಟಿನ ಒಂದು ಆವರ್ತಕ್ಕೆ 2.4 ಸೆಕೆಂಡ್. ಎರಡು ನಿಮಿಷಕ್ಕೆ 50 ಆವರ್ತ.

ಈ 50ನ್ನು ಕಾಗದದ ಮೇಲೆ ಹಂಚಿಕೊಳ್ಳಿ. ನಮ್ಮ ಕಥೆಯಲ್ಲಿ ಬ್ಯಾಂಡಿಗೆ 8, ಹುಡುಗಿಯ ಕುಣಿತಕ್ಕೆ 14, ಜುಮುಕಿಗೆ 10, ಕಾಲೇಜಿಗೆ 18. ಕೊನೆಯ ಭಾಗದಲ್ಲಿ ಡೋಲಕ್ ನಿಂತುಬಿಡಲಿ. ಅಲ್ಲಿ ಮಾತು ಕೇಳಬೇಕು.

ಮದುವೆ ಮೆರವಣಿಗೆಗೆ ಎಂಟು ಜನ ಸಾಕು

ಇನ್ನೂರು ಜನ ಎಲ್ಲಿಂದ ತರುವುದು? ತರಬೇಡಿ. ಕ್ಯಾಮೆರಾ ಹತ್ತಿರ ಹೋಗಲಿ. ಊದುವ ಕೆನ್ನೆ, ಹಿತ್ತಾಳೆಯ ಮೇಲೆ ಹೊಳೆಯುವ ಸೀರಿಯಲ್ ಸೆಟ್ ಬೆಳಕು, ಗೆಜ್ಜೆ ಕಾಲು, ಹಾರುವ ಹಳದಿ ದುಪಟ್ಟಾ. ಫ್ರೇಮಿನ ಅಂಚಿನಲ್ಲಿ ಇಬ್ಬರ ಭುಜ ಅಡ್ಡ ಬಂದು ಹೋದರೆ ಗುಂಪು ಇದೆ ಅಂತ ಕಣ್ಣು ನಂಬುತ್ತದೆ. ರಸ್ತೆ ಬೇಡ, ಮನೆ ಕಾಂಪೌಂಡು ಸಾಕು. ಸೂರ್ಯ ಮುಳುಗಿದ ಮೇಲೆ ಇಪ್ಪತ್ತು ನಿಮಿಷ ಆಕಾಶ ನೀಲಿಯಾಗಿರುತ್ತದೆ. ದೀಪದ ಹಳದಿ ಆ ನೀಲಿಯ ಮುಂದೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ. ಎಲ್ಲ ಮೊದಲೇ ರಿಹರ್ಸಲ್ ಆಗಿದ್ದರೆ ಮಾತ್ರ ಆ ಹೊತ್ತು ಕೈಗೆ ಸಿಗುತ್ತದೆ.

ವಾದ್ಯ, ಕೋಟು ನಿಮ್ಮೂರಿನ ಬ್ಯಾಂಡ್ ಸೆಟ್‌ನವರ ಹತ್ತಿರ ಕೇಳಿ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಅವರಿಗೂ ಬಿಡುವು. ಮಳೆ ಮಾತ್ರ ನೋಡಿಕೊಳ್ಳಿ. ಬಂದವರಿಗೆ ದುಡ್ಡು ಕೊಡಿ, ಟೈಟಲ್‌ನಲ್ಲಿ ಹೆಸರು ಹಾಕಿ. ಹದಿನೆಂಟು ತುಂಬದ ನಟರಿದ್ದರೆ ಅಪ್ಪ ಅಮ್ಮನ ಒಪ್ಪಿಗೆ ಬರೆಸಿಕೊಳ್ಳಿ.

ಫೋನಿನಲ್ಲೇ ಶೂಟ್ ಮಾಡಬಹುದು. ಆದರೆ ಕ್ಯಾಮೆರಾವನ್ನು ಆಟೋ ಮೋಡ್‌ನಲ್ಲಿ ಬಿಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ, ಚಿತ್ರದ ಮೇಲೆ ಪಟ್ಟಿ ಓಡುತ್ತದೆ. 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಅಂತ ಕೈಯಾರೆ ಇಟ್ಟರೆ ಸಾಮಾನ್ಯವಾಗಿ ಈ ಕಾಟ ಇರದು.

ಸ್ಲೋ ಮೋಷನ್ನಿನಲ್ಲಿ ಹುಡುಗಿ ಹಾಡಿಗೆ ತುಟಿ ಆಡಿಸಬೇಕಾ? ಸಿನಿಮಾದವರ ಹಳೆಯ ಉಪಾಯ ಒಂದಿದೆ. ಸೆಟ್ಟಿನಲ್ಲಿ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ, 50 ಫ್ರೇಮಿನಲ್ಲಿ ಶೂಟ್ ಮಾಡಿ. ಅವಳು ಗಡಿಬಿಡಿಯಲ್ಲಿ ಹಾಡುತ್ತಾಳೆ. ಎಡಿಟಿಂಗ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದಾಗ ತುಟಿ ಹಾಡಿಗೆ ಸರಿಯಾಗಿ ಕೂರುತ್ತದೆ, ದುಪಟ್ಟಾ ಮಾತ್ರ ತೇಲುತ್ತದೆ.

ಜುಮುಕಿ ಬೀಳುವ ಶಾಟ್

ಇಡೀ ಎರಡು ನಿಮಿಷ ನಿಂತಿರುವುದು ಇದರ ಮೇಲೆ. ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಒಂದೇ ಶಾಟ್‌ನಲ್ಲಿ ತೆಗೆಯಲು ಹೋಗಬೇಡಿ, ನಾಲ್ಕು ಮಾಡಿಕೊಳ್ಳಿ. ಒಂದು, ಅವಳು ಗಿರ್ರನೆ ತಿರುಗುತ್ತಾಳೆ, ಕಿವಿಯಲ್ಲಿ ಜುಮುಕಿ. ಎರಡು, ಆಕಾಶದ ಎದುರು ಜುಮುಕಿ ಹಾರುತ್ತದೆ. ಇದನ್ನು ಸ್ನೇಹಿತನೊಬ್ಬ ಮೇಲಕ್ಕೆಸೆದು 120 ಫ್ರೇಮಿನಲ್ಲಿ ಹಿಡಿಯಿರಿ. ಮೂರು, ಯೂಫೋನಿಯಂನ ಮೇಲ್ಮುಖದ ದೊಡ್ಡ ಬಾಯಿ, ಒಂದಡಿ ಎತ್ತರದಿಂದ ಜುಮುಕಿ ಒಳಕ್ಕೆ. ನಾಲ್ಕು, ಕೆನ್ನೆ ಉಬ್ಬಿಸಿದ ಹುಡುಗನ ಮುಖ. ಅವನು ಊದುವುದನ್ನು ನಿಲ್ಲಿಸುತ್ತಾನೆ. ಅಲ್ಲಿ ಸಂಗೀತವೂ ಒಂದು ಬೀಟ್ ನಿಲ್ಲಬೇಕು. ನಗು ಬರುವುದು ಆ ಖಾಲಿ 15 ಫ್ರೇಮಿನಲ್ಲಿ.

ಸದ್ದು ಬೇರೆ ಮಾಡಿ. ಮನೆಯ ಸ್ಟೀಲ್ ಚೊಂಬಿಗೆ ಜುಮುಕಿ ಹಾಕಿ ರೆಕಾರ್ಡ್ ಮಾಡಿದರೆ ‘ಠಣ್’ ಅಂತ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ?

ಇನ್ನೆರಡು ಎಚ್ಚರ. ಬಿದ್ದದ್ದು ಯಾವ ಕಿವಿಯದು ಅಂತ ಬರೆದಿಡಿ, ಫೋಟೊ ತೆಗೆದಿಡಿ. ಹುಡುಗ ಬಲಕ್ಕೆ ನೋಡುತ್ತಿದ್ದರೆ ಹುಡುಗಿ ಎಡಕ್ಕೆ ನೋಡಲಿ. ಇಬ್ಬರೂ ಒಂದೇ ಕಡೆ ನೋಡಿದರೆ ಎದುರುಬದುರು ಇದ್ದಾರೆ ಅನ್ನಿಸುವುದೇ ಇಲ್ಲ.

ಕಾಲೇಜು, ಮಾತು, ಟೈಟಲ್

ಕಾಲೇಜಿನ ದೃಶ್ಯಕ್ಕೆ ಮೂರೇ ಮಾತು ಬರೆಯಿರಿ. ‘ಒಂದೇ ಕಿವಿಗೆ ಹಾಕ್ಕೊಂಡ್ ಬಂದಿದೀಯಲ್ಲೇ!’ ಅಂತ ಗೆಳತಿ. ‘ಇನ್ನೊಂದು ಕಳೆದೋಯ್ತು ಕಣೇ, ಅಜ್ಜೀದು’ ಅಂತ ಅವಳು. ಹಿಂದಿನ ಬೆಂಚಿನಿಂದ ಹುಡುಗ ‘ಮೇಡಂ, ನೀರು ಕುಡ್ಕೊಂಡ್ ಬರ್ಲಾ?’ ಸಾಕು. ಅಜ್ಜಿ ಅಂದದ್ದಕ್ಕೆ ಅವನ ಜೇಬು ಭಾರವಾಯಿತು. ಸಿನಿಮಾದ ಭಾಷೆ ಬೇಡ, ನಿಮ್ಮ ಕ್ಲಾಸಿನಲ್ಲಿ ಹೇಗೆ ಮಾತಾಡುತ್ತೀರೋ ಹಾಗೇ ಇರಲಿ.

ಈ ಮಾತು ಸ್ಪಷ್ಟವಾಗಿ ಕೇಳದಿದ್ದರೆ ಎಲ್ಲ ವ್ಯರ್ಥ. ನಾನು ಜೊತೆಗಿದ್ದ ಒಂದು ತಂಡ ಇಡೀ ಮಧ್ಯಾಹ್ನ ಫ್ಯಾನ್ ಹಾಕಿಕೊಂಡೇ ಶೂಟ್ ಮಾಡಿತ್ತು. ಒಂದು ಮಾತೂ ಉಳಿಯಲಿಲ್ಲ, ಮಕ್ಕಳ ಮುಖ ನೋಡಲಾಗಲಿಲ್ಲ. ಫ್ಯಾನ್ ಆರಿಸಿ. ಇನ್ನೊಂದು ಫೋನನ್ನು ಡೆಸ್ಕಿನೊಳಗೆ ಇಟ್ಟು ಹತ್ತಿರದಿಂದ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಚಿತ್ರ ಮತ್ತು ಸದ್ದು ಜೋಡಿಸಲು ಅದೇ ಗುರುತು. ಕೊನೆಗೆ ಯಾರೂ ಮಾತಾಡದೆ ಮೂವತ್ತು ಸೆಕೆಂಡ್ ಕೋಣೆಯ ಸದ್ದನ್ನೂ ತೆಗೆದುಕೊಳ್ಳಿ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿನ ಉಚಿತ ಆವೃತ್ತಿ ಧಾರಾಳ. ಹೆಸರುಗಳು ಮೊದಲ 32 ಆವರ್ತದಲ್ಲಿ ಬೀಟಿಗೆ ಸರಿಯಾಗಿ ಬರಲಿ: ಬ್ಯಾನರ್, ನಟರು, ಸಂಗೀತ, ಛಾಯಾಗ್ರಹಣ, ಸಂಕಲನ, ಕೊನೆಗೆ ನಿರ್ದೇಶನ. ಮುಖದ ಮೇಲೆ ಅಕ್ಷರ ಬೇಡ. ಸಿನಿಮಾದ ಹೆಸರು ಮಾತ್ರ ಕಟ್ಟಕಡೆಗೆ. ಹಿಂದಿ ಸಿನಿಮಾದ ಹೆಸರು ಇಂಗ್ಲಿಷ್, ಹಿಂದಿ, ಉರ್ದು ಮೂರೂ ಲಿಪಿಯಲ್ಲಿ ಮೂಡುತ್ತಿದ್ದ ಪದ್ಧತಿ ನನಗೆ ತುಂಬಾ ಇಷ್ಟ. ನೀವೂ ಕನ್ನಡದ ಜೊತೆ ಇನ್ನೊಂದು ಲಿಪಿ ಸೇರಿಸಬಹುದು. ಹೆಸರು ಮೂಡುವುದಕ್ಕೆ ಮುಂಚಿನ ಕೊನೆಯ ಶಾಟ್ ಅವಳ ಖಾಲಿ ಕಿವಿ, ಹಿಂದೆ ಮಸುಕಾಗಿ ಅವನು. ಅದನ್ನು ಮೂರು ಸೆಕೆಂಡ್ ಕತ್ತರಿಸದೆ ಬಿಡಿ.

ಮುಗಿದ ಮೇಲೆ ತಂಡದವರಲ್ಲದ ಒಬ್ಬರಿಗೆ ತೋರಿಸಿ. ಅಡುಗೆಮನೆಯಲ್ಲಿರುವ ಅಮ್ಮನಿಗೆ ಫೋನ್ ಕೊಟ್ಟು ಸುಮ್ನೆ ಪಕ್ಕದಲ್ಲಿ ನಿಂತುಕೊಳ್ಳಿ, ಏನೂ ವಿವರಿಸಬೇಡಿ. ‘ಚೆನ್ನಾಗಿದೆ’ ಅಂದರೆ ಮತ್ತೆ ಎಡಿಟಿಂಗಿಗೆ ಕೂರಿ. ‘ಅಯ್ಯೋ, ಆಮೇಲೆ ಜುಮುಕಿ ವಾಪಸ್ ಕೊಟ್ನಾ ಇಲ್ವಾ?’ ಅಂತ ಕೇಳಿದರೆ ಫೈಲ್ ಎಕ್ಸ್‌ಪೋರ್ಟ್ ಮಾಡಬಹುದು.