ಪ್ಯಾನೆಲ್ ಎರಡು ದಿನದ ಕೆಲಸ, ಉಳಿದದ್ದು ಕಾಗದದ್ದು

ನನ್ನ ಕೆಲಸದ ಚೀಲದಲ್ಲಿ ಟೆಸ್ಟರ್, ಕ್ಲ್ಯಾಂಪ್ ಮೀಟರ್, ಕ್ರಿಂಪಿಂಗ್ ಟೂಲ್‌ಗಳ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಒಂದಿಷ್ಟು ಕಾಗದ ಇರುತ್ತದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಇಂಧನ ಸಚಿವಾಲಯ 2024ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿಯ ನಕಲು ಅದು. ಮಡಚಿ ಮಡಚಿ ಅಂಚು ಹರಿದು, ಈಗಾಗಲೇ ಎರಡು ಸಲ ಹೊಸ ಝೆರಾಕ್ಸ್ ಮಾಡಿಸಿದ್ದೇನೆ. ಮನೆ ಮೇಲೆ ಸೋಲಾರ್ ಕೂಡಿಸುವವನಿಗೆ ಡ್ರಿಲ್ ಮಷೀನಿನಷ್ಟೇ ಇದೂ ಬೇಕು ಅನ್ನುವುದು ಮೊದಲನೆಯ ಕೆಲಸದಲ್ಲೇ ಗೊತ್ತಾಯಿತು.

ನಾನು ಬಸವನ ಬಾಗೇವಾಡಿ ಕಡೆಯವನು. ಐಟಿಐ ಮುಗಿಸಿ, ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವಾಗ ಒಬ್ಬ ಗುತ್ತಿಗೆದಾರರ ಕೈಕೆಳಗೆ ಕೇಬಲ್ ಎಳೆಯುವ ಕೆಲಸ ಮಾಡಿದೆ. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2,400. ಆಮೇಲೆ ಸ್ವಂತ ಲೈಸೆನ್ಸ್ ತಗೊಂಡು ಮನೆ ವೈರಿಂಗ್, ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಮಾಡಿಕೊಂಡಿದ್ದೆ. ಈಗ ನಮ್ಮ ಭಾಗದ ಎಷ್ಟೋ ಮಾಳಿಗೆಗಳ ಮೇಲೆ ನಿಂತು ಪ್ಯಾನೆಲ್ ಬಿಗಿಯುವಾಗ ದೂರದಲ್ಲಿ ಅದೇ ಚಿಮಣಿಗಳು ಕಾಣುತ್ತವೆ. ಕೂಡಗಿಯ ಕಲ್ಲಿದ್ದಲು, ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್, ಬಯಲಿನ ಗಾಳಿ ಫ್ಯಾನುಗಳು. ಇಷ್ಟೆಲ್ಲ ಇರುವ ಜಿಲ್ಲೆಯಲ್ಲಿ ಒಂದು ಮನೆ ತನ್ನ ಕರೆಂಟು ತಾನೇ ಹುಟ್ಟಿಸಿಕೊಳ್ಳುವುದು ಸಣ್ಣ ಸಂಗತಿ ಅನ್ನುವವರಿದ್ದಾರೆ. ನನಗೆ ಅದು ಸಣ್ಣದಾಗಿ ಕಂಡಿಲ್ಲ.

ಮೊದಲ ಕೆಲಸ ಸಿಕ್ಕಿದ್ದು 2024ರ ಬೇಸಿಗೆಯಲ್ಲಿ, ಕೃಷ್ಣಾ ಹಿನ್ನೀರಿನ ಹತ್ತಿರದ ಒಂದು ಊರಿನಲ್ಲಿ. ನಿವೃತ್ತ ಮಾಸ್ತರರ ಮನೆ. ಎರಡು ಎಸಿ, ಫ್ರಿಜ್ಜು, ನೀರೆತ್ತುವ ಮೋಟರು. ತಿಂಗಳಿಗೆ 340 ಯೂನಿಟ್ ಹತ್ತಿರ ಬರುತ್ತಿತ್ತು. 200 ಯೂನಿಟ್ ದಾಟಿದರೆ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಪಿಎಂ ಸೂರ್ಯಘರ್ ಯೋಜನೆ ಆಗಷ್ಟೇ ಬಂದಿತ್ತು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಬ್ಸಿಡಿ. ಮೂರು ಕಿಲೋವ್ಯಾಟ್‌ಗಿಂತ ಎಷ್ಟು ಹೆಚ್ಚು ಹಾಕಿಸಿದರೂ ಅಷ್ಟೇ. ಪ್ಯಾನೆಲ್ಲಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು ಅನ್ನುವುದು ಷರತ್ತು.

540 ವ್ಯಾಟ್‌ನ ಆರು ಪ್ಯಾನೆಲ್, ದಕ್ಷಿಣಕ್ಕೆ ಮುಖ, ಹದಿನೈದು ಡಿಗ್ರಿ ಹತ್ತಿರದ ಇಳಿಜಾರು. ಅಂಗಳದಲ್ಲಿ ಮೂರು ಅರ್ಥಿಂಗ್ ಗುಂಡಿ: ಕಬ್ಬಿಣದ ಸ್ಟ್ರಕ್ಚರ್‌ಗೆ ಒಂದು, ಇನ್ವರ್ಟರ್‌ಗೆ ಒಂದು, ಸಿಡಿಲು ತಡೆಗೆ ಒಂದು. ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಅರ್ಥಿಂಗ್ ಚಲೋ ಇರುತ್ತದೆ, ಏಪ್ರಿಲ್‌ನಲ್ಲಿ ನೆಲ ಬಿರುಕು ಬಿಟ್ಟು ರಾಡಿಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ಅದಕ್ಕೆ ಗುಂಡಿಯ ಬಾಯಿಗೆ ಪೈಪ್ ಇಟ್ಟು ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಲು ಹೇಳುತ್ತೇನೆ. ಇಷ್ಟೆಲ್ಲ ಎರಡು ದಿನದಲ್ಲಿ ಮುಗಿಯಿತು. ಲೈನಿನಿಂದ ಬಂದ ಕರೆಂಟು, ಲೈನಿಗೆ ಹೋದ ಕರೆಂಟು ಎರಡನ್ನೂ ಅಳೆಯುವ ನೆಟ್ ಮೀಟರ್ ಬರಲು ಎರಡೂವರೆ ತಿಂಗಳು ಹಿಡಿಯಿತು.

ಅದರಲ್ಲಿ ಮೊದಲ ಇಪ್ಪತ್ತಾರು ದಿನ ನನ್ನ ತಪ್ಪಿನಿಂದ ಹೋದವು. ಮನೆಯ ಆರ್.ಆರ್. ನಂಬರ್, ಅಂದರೆ ವಿದ್ಯುತ್ ಸಂಪರ್ಕದ ನಂಬರ್, ಮಾಸ್ತರರ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ನಾನು ಬಿಲ್ ಮೇಲಿನ ನಂಬರ್ ನೋಡಿದೆ, ಹೆಸರು ನೋಡಲಿಲ್ಲ. ಪೋರ್ಟಲ್‌ನಲ್ಲಿ ಮಾಸ್ತರರ ಹೆಸರಿನ ಅರ್ಜಿ, ಮಾಸ್ತರರ ಬ್ಯಾಂಕ್ ಖಾತೆ, ಅಪ್ಪನ ಹೆಸರಿನ ಬಿಲ್. ಅರ್ಜಿ ವಾಪಸು ಬಂತು. ಮರಣ ಪ್ರಮಾಣಪತ್ರ, ಮನೆಯ ಉತಾರ ಕೊಟ್ಟು ಹೆಸರು ಬದಲಾಯಿಸಿ ಮತ್ತೆ ಮೊದಲಿನಿಂದ ಹಾಕಬೇಕಾಯಿತು. ಅಷ್ಟು ದಿನ ಪ್ಯಾನೆಲ್‌ಗಳು ಬಿಸಿಲಲ್ಲಿ ಸುಮ್ಮನೆ ಕಾದವು. ದಿನಕ್ಕೆ 12 ಯೂನಿಟ್ ಹಿಡಿದರೂ ಮುನ್ನೂರು ಯೂನಿಟ್ ಹಾಳಾಯಿತು. ಅದು ನನಗೆ ಇಂದಿಗೂ ಕೊರೆಯುತ್ತದೆ.

ಎರಡನೆಯ ಸಲ ಅರ್ಜಿ ಸರಿಯಾಗಿತ್ತು. ವಿದ್ಯುತ್ ವಿತರಣಾ ಕಂಪನಿಯ ಕಚೇರಿಗೆ ಹೋದರೆ, “ಟಿಸಿ ಮ್ಯಾಲ ಲೋಡ್ ಭಾಳ ಐತಿ, ಫೀಸಿಬಿಲಿಟಿ ನೋಡಬೇಕು, ಸಾಹೇಬರು ಬಂದ ಮ್ಯಾಲ ಹೇಳತೀವಿ” ಅಂದರು. ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್, ಫೀಸಿಬಿಲಿಟಿ ಅಂದರೆ ಅದು ತಡೆಯುತ್ತದೋ ಇಲ್ಲವೋ ಅನ್ನುವ ತಾಂತ್ರಿಕ ಪರಿಶೀಲನೆ. ಮೂರು ಸಲ ಹೋದೆ, ಮೂರು ಸಲವೂ ಅದೇ ಮಾತು. ನಾನು ಹೊಸಬ. ಹಾಗೇ ಇರಬೇಕು ಅಂದುಕೊಂಡು ಮಾಸ್ತರರಿಗೆ ಹೇಳಿದೆ.

“ತಮ್ಮಾ, ಅವರು ಹೇಳಿದ್ದು ಯಾವ ನಿಯಮದಾಗ ಐತಿ, ಕೇಳಿದ್ಯೇನು?” ಅಂದರು ಮಾಸ್ತರರು.

“ಇಲ್ರೀ ಸರ್.”

“ನಾಳೆ ಮುಂಜಾನೆ ಬಾ. ನಾವಿಬ್ಬರೂ ಓದೂಣು.”

ಮೊಮ್ಮಗನ ಕೈಲಿ ಗೆಜೆಟ್ ತೆಗೆಸಿ ಪ್ರಿಂಟ್ ಹಾಕಿಸಿದ್ದರು. ಕನ್ನಡಕ ಏರಿಸಿಕೊಂಡು ಇಂಗ್ಲಿಷಿನ ಒಂದೊಂದು ವಾಕ್ಯ ಓದಿ ಅರ್ಥ ಹೇಳಿದರು, ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. 10 ಕಿಲೋವ್ಯಾಟ್‌ವರೆಗಿನ ಮಾಳಿಗೆ ಸೋಲಾರ್‌ಗೆ ತಾಂತ್ರಿಕ ಪರಿಶೀಲನೆ ಬೇಡ, ಸರಿಯಾದ ಅರ್ಜಿ ಕೊಟ್ಟರೆ ಒಪ್ಪಿಗೆಯಾಯಿತು ಅಂತಲೇ ತಿಳಿಯಬೇಕು. ಮಂಜೂರಾದ ಲೋಡ್ ಕಡಿಮೆ ಇದ್ದರೆ ಅದನ್ನು ಹೆಚ್ಚಿಸುವುದು ವಿತರಣಾ ಕಂಪನಿಯ ಕೆಲಸ. 5 ಕಿಲೋವ್ಯಾಟ್‌ವರೆಗೆ ಟಿಸಿ, ಲೈನು ಬಲಪಡಿಸಬೇಕಾಗಿ ಬಂದರೆ ಅದರ ಖರ್ಚೂ ಕಂಪನಿಯದು. 10ಕ್ಕಿಂತ ದೊಡ್ಡದಾದರೆ ಪರಿಶೀಲನೆಗೆ 15 ದಿನ, ಅಷ್ಟರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ. ಕೂಡಿಸಿದ ಮೇಲೆ ಮೀಟರ್ ಹಾಕಿ ಚಾಲೂ ಮಾಡಲು ಮೊದಲು 30 ದಿನ ಇತ್ತು, ಅದನ್ನು 15ಕ್ಕೆ ಇಳಿಸಿದ್ದಾರೆ.

ಅವತ್ತೇ ಅರ್ಧ ಪುಟದ ಪತ್ರ ಬರೆದೆವು. ಜಗಳದ ಮಾತು ಒಂದೂ ಇರಲಿಲ್ಲ. ಅರ್ಜಿ ಸಂಖ್ಯೆ, ಅರ್ಜಿಯ ತಾರೀಖು, ತಿದ್ದುಪಡಿಯ ಆ ಸಾಲು, “ನಿಯಮದಂತೆ ಮೀಟರ್ ಅಳವಡಿಸಲು ವಿನಂತಿ”. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ. ಈ ಸೀಲೇ ಎಲ್ಲಕ್ಕಿಂತ ಮುಖ್ಯ. ನಿಯಮ ಕೊಟ್ಟ ದಿನಗಳನ್ನು ಎಣಿಸಬೇಕಾದರೆ ತಾರೀಖಿನ ಗುರುತು ಬೇಕು, ಬಾಯಿಮಾತಿಗೆ ತಾರೀಖು ಇರುವುದಿಲ್ಲ. ಎಂಟನೆಯ ದಿನ ಆ ಕಚೇರಿಯ ಎಂಜಿನಿಯರ್ ತಾವೇ ಫೋನ್ ಮಾಡಿದರು. ಮೀಟರ್ ಕೂಡಿಸಲು ಬಂದಾಗ ನನ್ನ ಹಾಳೆಗಳನ್ನು ಕೇಳಿ ಮೊಬೈಲಿನಲ್ಲಿ ಫೋಟೊ ತಕ್ಕೊಂಡರು. ಹೊಸ ತಿದ್ದುಪಡಿ ಕೆಳಗಿನ ಕಚೇರಿಗಳನ್ನು ಮುಟ್ಟಲು ಸಮಯ ಹಿಡಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಗ್ರಾಹಕ ತಾನೇ ಅದನ್ನು ಒಯ್ದು ತೋರಿಸಬೇಕು. ಹಾಗೆ ಮಾಡಿಯೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಒಂಬುಡ್ಸ್‌ಮನ್ ಇದ್ದಾರೆ. 2003ರ ವಿದ್ಯುತ್ ಕಾಯ್ದೆಯ 42ನೆಯ ಕಲಮಿನಲ್ಲೇ ಈ ಎರಡೂ ಇವೆ. ನನಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬಂದಿಲ್ಲ.

ಆಮೇಲೆ ಕಾಯ್ದೆ ಓದುವ ಹುಚ್ಚು ನನಗೂ ಹತ್ತಿತು. ಜನ ನನ್ನನ್ನು ಮೊದಲು ಕೇಳುವುದು, “ಇದು ದಿಲ್ಲಿಯವರದೋ ಬೆಂಗಳೂರಿನವರದೋ?” ಅಂತ. ವಿದ್ಯುತ್ತು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಇಬ್ಬರಿಗೂ ಅಧಿಕಾರ ಇದೆ. ವಿದ್ಯುತ್ ಹುಟ್ಟಿಸಲು ಲೈಸೆನ್ಸ್ ಬೇಡ ಅಂದದ್ದು 2003ರ ಕಾಯ್ದೆಯ 7ನೆಯ ಕಲಮು. ಸೂರ್ಯ, ಗಾಳಿ, ಕಬ್ಬಿನ ಸಿಪ್ಪೆಯಂಥ ಮೂಲಗಳ ಕರೆಂಟಿಗೆ ಗ್ರಿಡ್ ಜೋಡಣೆ ಕೊಡಿಸುವ, ಕಂಪನಿಗಳು ಇಂತಿಷ್ಟು ಪಾಲು ಅದನ್ನೇ ಖರೀದಿಸಬೇಕು ಅಂತ ಗೊತ್ತುಮಾಡುವ ಹೊಣೆಯನ್ನು ರಾಜ್ಯದ ಆಯೋಗಕ್ಕೆ ಕೊಟ್ಟದ್ದು 86(1)(ಇ). ನಮ್ಮಲ್ಲಿ ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಕೆಇಆರ್‌ಸಿ. ಬಾಗಲಕೋಟೆ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳು ಸಿಪ್ಪೆ ಸುಟ್ಟು ಗ್ರಿಡ್‌ಗೆ ಕರೆಂಟ್ ಮಾರುವುದೂ, ಮಾಸ್ತರರ ಮಾಳಿಗೆಯಿಂದ ಹೆಚ್ಚಾದ ಎರಡು ಯೂನಿಟ್ ಲೈನಿಗೆ ಹೋಗುವುದೂ ಇದೇ ಕಲಮಿನ ನೆರಳಿನಲ್ಲಿ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು 2023ರ ಅಕ್ಟೋಬರಿನ ಅಧಿಸೂಚನೆ. 2022ರಲ್ಲಿ ತಿದ್ದಿದ ಇಂಧನ ಸಂರಕ್ಷಣಾ ಕಾಯ್ದೆಯ ಕೆಳಗೆ ಹೊರಟದ್ದು. ವಿತರಣಾ ಕಂಪನಿಗಳು ಬಳಸುವ ವಿದ್ಯುತ್ತಿನಲ್ಲಿ ನವೀಕರಿಸಬಹುದಾದದ್ದು 2024-25ರಲ್ಲಿ ಶೇ 29.91, 2029-30ರ ಹೊತ್ತಿಗೆ ಶೇ 43.33 ಇರಬೇಕು. ಅದರೊಳಗೆ ಮಾಳಿಗೆ ಸೋಲಾರ್‌ನಂಥ, 10 ಮೆಗಾವ್ಯಾಟ್‌ಗಿಂತ ಚಿಕ್ಕ ಘಟಕಗಳಿಗೇ ಬೇರೆ ಪಾಲು ಇಟ್ಟಿದ್ದಾರೆ: ಶೇ 1.5ರಿಂದ ಶೇ 4.5ರವರೆಗೆ. ಅಂದರೆ ಮಾಸ್ತರರ ಆರು ಪ್ಯಾನೆಲ್ ಕಂಪನಿಗೆ ಹೊರೆ ಅಲ್ಲ, ಅದರ ಲೆಕ್ಕ ತುಂಬಿಸುವ ಸಾಮಾನು. ಇದನ್ನು ತಿಳಿದ ಮೇಲೆ ಕಚೇರಿಯಲ್ಲಿ ನಾನು ನಿಲ್ಲುವ ರೀತಿಯೇ ಬೇರೆಯಾಯಿತು. ಉಪಕಾರ ಕೇಳಲು ಬಂದವನಂತೆ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟೆ.

ಇನ್ನು ದುಡ್ಡಿನ ಮಾತು. ಮಾಸ್ತರರಿಗೆ ಒಟ್ಟು ಬಿದ್ದದ್ದು 1,90,000 ರೂಪಾಯಿ. ಸಬ್ಸಿಡಿ ಕಳೆದರೆ 1,12,000. ಆ ವರ್ಷ ಗೃಹ ಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆ. 340 ಯೂನಿಟ್ ಉಳಿದರೆ ತಿಂಗಳಿಗೆ ಎರಡು ಸಾವಿರ, ಐದು ವರ್ಷದೊಳಗೆ ಹಾಕಿದ್ದು ವಾಪಸು. ನಿಗದಿತ ಶುಲ್ಕ ಮಾತ್ರ ಹೋಗುವುದಿಲ್ಲ, ಲೋಡ್ ಏರಿಸಿದರೆ ಅದೂ ಏರುತ್ತದೆ. ಇದನ್ನು ಮೊದಲೇ ಹೇಳುತ್ತೇನೆ. ತಿಂಗಳಿಗೆ ಅರವತ್ತು, ಎಂಬತ್ತು ಯೂನಿಟ್ ಉರಿಸಿ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಪಡೆಯುವ ಮನೆಯವರು ಬಂದರೆ, “ಸದ್ಯ ನಿಮಗ ಬ್ಯಾಡ್ರಿ” ಅಂತ ಕಳಿಸುತ್ತೇನೆ. ಸಬ್ಸಿಡಿ ಸಿಗುತ್ತದೆ ಅಂತ ಇಂಥವರ ತಲೆಗೆ ಸಾಲ ಕಟ್ಟುವುದು ತಪ್ಪು.

ಜನ ನನ್ನ ಮೇಲೆ ಸಿಟ್ಟಾಗುವುದು ಒಂದೇ ಕಾರಣಕ್ಕೆ. ಲೈನಿನಲ್ಲಿ ಕರೆಂಟ್ ಹೋದರೆ ಬ್ಯಾಟರಿ ಇಲ್ಲದ ಈ ಸೋಲಾರೂ ನಿಲ್ಲುತ್ತದೆ. “ಸುಡು ಸುಡು ಬಿಸಲಾಗ ಪ್ಯಾನೆಲ್ ಅದಾವ, ಮನ್ಯಾಗ ಫ್ಯಾನ್ ತಿರಗವಲ್ದು, ಇದೆಂಥಾದ್ದೋ ನಿಂದು?” ಅಂದರು ಮಾಸ್ತರರ ಮನೆಯ ಅಮ್ಮಾರು. ಆಗ ನಾನು ಕಂಬ ತೋರಿಸಿದೆ. ಅಲ್ಲಿ ಲೈನ್‌ಮ್ಯಾನ್ ಫ್ಯೂಸ್ ತೆಗೆದು ಲೈನ್ ಸತ್ತಿದೆ ಅಂತ ನಂಬಿ ಕೈ ಹಾಕಿರುತ್ತಾನೆ. ಕೆಳಗಿನ ಮನೆಯ ಪ್ಯಾನೆಲ್ ಆ ಲೈನಿಗೆ ಕರೆಂಟ್ ಬಿಟ್ಟರೆ ಅವನು ಉಳಿಯುವುದಿಲ್ಲ. ನಾನು ಕೇಬಲ್ ಕೆಲಸದಲ್ಲಿದ್ದಾಗ ಜನರೇಟರಿನಿಂದ ಹಿಂದಕ್ಕೆ ಬಂದ ಕರೆಂಟಿಗೆ ಜೊತೆಗಾರನೊಬ್ಬನ ಅಂಗೈ ಸುಟ್ಟದ್ದನ್ನು ಕಣ್ಣಾರೆ ಕಂಡವನು. ಇದನ್ನು ಕೇಳಿದ ಮೇಲೆ ಅಮ್ಮಾರು ಮತ್ತೆಂದೂ ಆ ಮಾತು ಎತ್ತಲಿಲ್ಲ.

ತೊಳೆಯುವ ವಿಚಾರ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ನಮ್ಮ ಬೋರಿನದು ಸವಳು ನೀರು. ಮಧ್ಯಾಹ್ನದ ಕಾದ ಗಾಜಿನ ಮೇಲೆ ಹಾಕಿದರೆ ಬಿಳಿ ಕಲೆ ಅಂಟಿ ಕೂಡುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಕುಡಿಯುವ ನಳದ ನೀರು, ಸೂರ್ಯ ಏರುವ ಮುಂಚೆ, ಮೆತ್ತಗಿನ ಬಟ್ಟೆ. ಕಬ್ಬು ಕಟಾವಿನ ದಿನಗಳಲ್ಲಿ ಹೊಲದಲ್ಲಿ ರವದಿ (ಕಬ್ಬಿನ ಒಣ ಎಲೆ) ಸುಟ್ಟ ಕರಿ ಹಾರಿ ಬಂದು ಕೂಡುತ್ತದೆ. ಆಗ ಹದಿನೈದು ದಿನಕ್ಕೊಮ್ಮೆ ಒರೆಸದಿದ್ದರೆ ಇಳುವರಿ ಇಳಿದದ್ದು ಮೊಬೈಲ್ ಆ್ಯಪ್‌ನಲ್ಲೇ ಕಾಣುತ್ತದೆ.

ರೈತರು ಬಂದರೆ ಕುಸುಮ್ ಯೋಜನೆಯ ಕಡೆ ತಿರುಗಿಸುತ್ತೇನೆ. ಸೋಲಾರ್ ಪಂಪ್‌ಸೆಟ್‌ಗೆ ಕೇಂದ್ರದ ಪಾಲು ಶೇ 30, ನಮ್ಮ ರಾಜ್ಯ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದೆ, ರೈತರದು ಶೇ 20. ಕಂಬದ ಲೈನ್ ದೂರ ಇರುವ ಹೊಲಕ್ಕೆ ಇದಕ್ಕಿಂತ ಒಳ್ಳೆಯದು ಕಾಣೆ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಕಾದು ಹಾವು ಚೇಳಿನ ನಡುವೆ ನೀರು ಹಾಯಿಸಲು ಹೋಗುವುದು ತಪ್ಪುತ್ತದೆ. ನನ್ನ ಅಪ್ಪ ಇಪ್ಪತ್ತು ವರ್ಷ ಹಾಗೆ ಹೋದವರು, ಅವರು ವಾಪಸು ಬರುವವರೆಗೆ ಅವ್ವ ಮಲಗುತ್ತಿರಲಿಲ್ಲ.

ಹೋದ ವಾರ ಮುದ್ದೇಬಿಹಾಳ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಪ್ಯಾನೆಲ್ ಯಾವ ಕಂಪನಿಯದು, ಎಷ್ಟು ವರ್ಷ ಗ್ಯಾರಂಟಿ ಅಂತ ಕೇಳಿದರು. ನಾನು, “ಅದನ್ನ ಆಮ್ಯಾಲ ಹೇಳತೀನ್ರಿ, ಮೊದಲ ಕರೆಂಟ್ ಬಿಲ್ಲಿನ ಫೋಟೊ ಹಾಕ್ರಿ” ಅಂದೆ. ಹಾಕಿದರು. ಬಿಲ್ ಅವರ ಅಜ್ಜನ ಹೆಸರಿನಲ್ಲಿದೆ. ಸೋಮವಾರ ಇಬ್ಬರೂ ಕೂಡಿ ಹೆಸರು ಬದಲಾವಣೆಯ ಅರ್ಜಿ ಕೊಡಲು ಹೋಗುತ್ತಿದ್ದೇವೆ, ಎರಡು ಪ್ರತಿ ತಗೊಂಡು.